ಎರಡು ಬೆರಳಷ್ಟು ಬಟ್ಟೆ

ಅಕ್ಟೋಬರ್ ೩

ಅಪ್ಪನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಇದ್ದೀಯಾ, ಸತ್ತೆಯಾ ಎಂದು ಕೇಳಿ ನೀವೂ ಬರೆಯಲಿಲ್ಲ, ಆದ್ದರಿಂದ ಇಬ್ಬರದೂ ಸರಿಹೋಯಿತು. ಅಂಚೆಗೆ ಹಾಕಿದರೆ ಇಲಾಖೆಯವರು ಒಡೆದು ಓದುತ್ತಾರೆ. ಅದಕ್ಕೆ ಅತ್ತೆಯ ಲಾಂಡ್ರಿ ಲಾರಿಯಲ್ಲಿ, ಒಗೆಯಲು ಬರುತ್ತಿರುವ ಯಾರದೋ ಕೋಟಿನ ಒಳಜೇಬಿನಲ್ಲಿಟ್ಟು ಕಳಿಸುತ್ತಿದ್ದೇನೆ. ಕಾಗದಕ್ಕೆ ಬೆವರಿನ ವಾಸನೆ ಬಂದರೆ ನನ್ನನ್ನು ಬೈಯಬೇಡಿ.

ಸುದ್ದಿ ಏನೆಂದರೆ, ನನಗೆ ಅಳತೆ ಇಲಾಖೆಯಲ್ಲಿ ಕೆಲಸ ಸಿಕ್ಕಿದೆ. ಅಳತೆಗಾರ್ತಿ. ಇರಲು ಒಂದು ಕೋಣೆ ಕೊಟ್ಟಿದ್ದಾರೆ. ಕಿಟಕಿ ತೆಗೆದರೆ ಎದುರಿಗೆ ಗೋಡೆ, ಗೋಡೆಯ ಮೇಲೆ ‘ಕೋಟು ಸರಿ, ಮೈ ತಪ್ಪು’ ಎಂಬ ಬರಹ. ಬೆಳಿಗ್ಗೆ ಎದ್ದ ಕೂಡಲೇ ಅದೇ ಮುಖಕ್ಕೆ ಹೊಡೆಯುತ್ತದೆ.

ಎರಡು ವಾರ ತರಬೇತಿ ಕೊಟ್ಟರು. ಮಾರ್ಚ್ ಮೊದಲ ಶುಕ್ರವಾರ ಅಳತೆಯ ದಿನ. ನನ್ನ ವಾರ್ಡಿನ ಆರುನೂರ ಹನ್ನೆರಡು ಜನ ಒಬ್ಬೊಬ್ಬರಾಗಿ ಮಣೆ ಹತ್ತುತ್ತಾರೆ. ನಾನು ‘ಉಸಿರು ಬಿಡಿ’ ಎನ್ನಬೇಕು, ಇಲಾಖೆ ಗೊತ್ತು ಮಾಡಿದ ಅಳತೆಗೆ ಹೊಲಿದ ಅವರ ಬೂದಿ ಬಣ್ಣದ ಕೋಟಿನ ಆರು ಗುಂಡಿಗಳನ್ನೂ ಹಾಕಬೇಕು. ಒಂದು ಗುಂಡಿ ಬೀಳದಿದ್ದರೂ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಹೆಸರು. ಹೆಸರು ಬಿದ್ದವರು ತಿದ್ದುಮನೆಗೆ. ತಿದ್ದುಮನೆಯಿಂದ ಯಾರೂ ವಾಪಸ್ ಬಂದದ್ದನ್ನು ನಾನು ನೋಡಿಲ್ಲ, ನೀವೂ ನೋಡಿಲ್ಲ.

ನಿಮಗೆ ಖುಷಿಯಾಗಬೇಕು. ನೀವು ಅವರಿಗೆ ಕೋಟು ಕತ್ತರಿಸಿಕೊಡುತ್ತೀರಿ, ನಾನು ಅದರಲ್ಲಿ ಹಿಡಿಸದವರನ್ನು ಕತ್ತರಿಸುತ್ತೇನೆ. ಮನೆಯ ಕಸುಬು ಕೈಬಿಡಲಿಲ್ಲ.

ನಿಮ್ಮ ಮಗಳು

*

ಅಕ್ಟೋಬರ್ ೧೯

ಮಗಳೇ,

ನಿನ್ನ ಕಾಗದವನ್ನು ನಿನ್ನ ಅತ್ತೆ ತಾನೇ ತಂದುಕೊಟ್ಟಳು. ‘ಓದಿಲ್ಲ ಕಣೋ’ ಎಂದಳು, ಎಂದ ಮರುಕ್ಷಣವೇ ‘ಕಿಟಕಿ ಎದುರಿಗೆ ಗೋಡೆಯಂತೆ ಪಾಪ’ ಎಂದಳು. ಅಕ್ಕ ಅಂದರೆ ಹೀಗೇ.

ಕೋಣೆಗೆ ಗಾಳಿ ಆಡುತ್ತದೆಯೇ? ನಿನ್ನ ಚಪ್ಪಲಿ ಹಿಮ್ಮಡಿಯಲ್ಲಿ ಸವೆದಿದೆ ಎಂದು ಅತ್ತೆ ಹೇಳಿದಳು. ಹೊಸದು ತೆಗೆದುಕೋ. ಕಾರ್ಖಾನೆಯಲ್ಲಿ ನನ್ನ ಕಟಿಂಗ್ ಟೇಬಲ್ಲನ್ನು ಬಾಗಿಲ ಪಕ್ಕಕ್ಕೆ ಹಾಕಿದ್ದಾರೆ. ಬೆಳಕು ಸಾಲದು. ಬೆಳಿಗ್ಗೆ ಒಳಗೆ ಬರುವಾಗ ಸೂಜಿ ಎಣಿಸಿ ಕೊಡುತ್ತಾರೆ, ಸಂಜೆ ಎಣಿಸಿ ತೆಗೆದುಕೊಳ್ಳುತ್ತಾರೆ. ಹೋದ ವಾರ ಒಂದು ಸೂಜಿ ಕಡಿಮೆ ಬಂತೆಂದು ನೂರು ಜನರನ್ನು ನಿಲ್ಲಿಸಿಕೊಂಡರು. ಕೊನೆಗೆ ಅದು ಎಣಿಸುವವನ ತೋಳಿನಲ್ಲೇ ಸಿಕ್ಕಿಕೊಂಡಿತ್ತು.

ಕೆಲಸದ ವಿಷಯ. ಸಿಕ್ಕಿದೆ, ಮಾಡು. ತಲೆ ತಗ್ಗಿಸಿಕೊಂಡು ಹೋಗು, ತಲೆ ತಗ್ಗಿಸಿಕೊಂಡು ಬಾ. ಬಾಯಿ ಜಾರದಿರಲಿ. ನಿನ್ನ ಕೋಟು ನಾನೇ ಹೊಲಿದದ್ದು, ಅದನ್ನು ಜೋಪಾನವಾಗಿಟ್ಟುಕೋ.

ಚಿಕ್ಕವಳಿದ್ದಾಗ ‘ಅಪ್ಪಾ, ನೀನು’ ಎನ್ನುತ್ತಿದ್ದೆ. ಈಗ ‘ನೀವು’ ಎಂದು ಬರೆಯುತ್ತೀಯ. ಬರೆ, ಹಾಗಾದರೂ ಬರೆಯುತ್ತಿರು.

ನಿನ್ನಪ್ಪ

*

ನವೆಂಬರ್ ೨

ಅಪ್ಪನಿಗೆ,

ತಲೆ ತಗ್ಗಿಸು, ಬಾಯಿ ಮುಚ್ಚು. ನನಗೆ ಹನ್ನೊಂದು ವರ್ಷವಾಗಿದ್ದಾಗಲೂ ನೀವು ಇದನ್ನೇ ಹೇಳಿದಿರಿ. ನನ್ನ ಭುಜ ಹಿಡಿದುಕೊಂಡು, ಸರದಿಯಲ್ಲಿ ನಿಂತು.

ನೀವು ಮರೆತಿರಬಹುದು, ನಾನು ಮರೆತಿಲ್ಲ. ಅಮ್ಮ ಆ ವರ್ಷ ಮೂರು ತಿಂಗಳು ಜ್ವರ ಹಿಡಿದು ಮಲಗಿ ಎದ್ದಿದ್ದಳು. ಎದ್ದ ಮೇಲೆ ನೀವೇ ಬಡಿಸಿ ಬಡಿಸಿ ತಿನ್ನಿಸಿದಿರಿ. ಅವಳ ಕೆನ್ನೆ ತುಂಬಿಕೊಂಡಿತ್ತು, ನಕ್ಕರೆ ಚೆಂದ ಕಾಣುತ್ತಿದ್ದಳು. ಅದೇ ಕಾರ್ಖಾನೆಯಲ್ಲಿ ದಿನಕ್ಕೆ ಇನ್ನೂರು ಕಾಜಾ ಮಾಡುತ್ತಿದ್ದವಳು. ಇಡೀ ಊರಿನ ಗುಂಡಿಗಳಿಗೆ ದಾರಿ ಮಾಡಿಕೊಟ್ಟವಳ ಕೋಟಿನ ಮೂರನೆಯ ಗುಂಡಿ ಬೀಳಲಿಲ್ಲ. ಅಳತೆಗಾರ ಎರಡು ಸಲ ಎಳೆದು ನೋಡಿದ. ‘ಹೆಸರು ಬರಿ’ ಎಂದ. ಅಮ್ಮ ತಿರುಗಿ ನಿಮ್ಮನ್ನು ನೋಡಿದಳು. ನೀವು ನೆಲ ನೋಡಿದಿರಿ.

ಆ ಅಳತೆಗಾರ ಈಗ ಮೇಲಧಿಕಾರಿಯಾಗಿದ್ದಾನೆ. ಕೈಯಲ್ಲಿ ಯಾವಾಗಲೂ ಸ್ಟೀಲಿನ ಅಡಿಕೋಲು. ಇಲ್ಲಿ ಎಲ್ಲರೂ ಅವನನ್ನು ಅಡಿಕೋಲು ಸಾಹೇಬ ಎನ್ನುತ್ತಾರೆ. ಮಾರ್ಚ್‌ನಲ್ಲಿ ನನ್ನ ವಾರ್ಡಿಗೆ ಅವನೇ ಬರುತ್ತಾನೆ.

ನಾನೂ ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಅವತ್ತು ಮೊದಲನೆಯವರು ಮಣೆ ಹತ್ತುವ ಮುಂಚೆ, ಎಲ್ಲರ ಎದುರಿಗೆ ರಿಜಿಸ್ಟರ್ ಹರಿದು ಅವನ ಕಾಲ ಬಳಿ ಹಾಕುತ್ತೇನೆ. ಆಮೇಲೆ ಏನು ಮಾಡುತ್ತಾರೋ ಮಾಡಲಿ. ಮನೆಯಲ್ಲಿ ಒಬ್ಬರಾದರೂ ಬಾಯಿ ತೆರೆದರು ಎಂದಾಗಲಿ.

ನನ್ನನ್ನು ತಡೆಯಲು ಬರೆಯಬೇಡಿ.

ನಿಮ್ಮ ಮಗಳು

*

ನವೆಂಬರ್ ೩೦

ಮಗಳೇ,

ತಡೆಯಲೇ ಬರೆಯುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಬೈಯಿ.

ನಾನು ಮರೆತಿಲ್ಲ. ಆ ಕೋಟನ್ನು ಕತ್ತರಿಸಿದವನು ನಾನು, ಅದು ಅವಳದೆಂದು ಗೊತ್ತಿದ್ದೇ ಕತ್ತರಿಸಿದೆ. ಹಿಂದೆಲ್ಲ ನಮ್ಮ ಕಸುಬಿನವರು ಪಕ್ಕದಲ್ಲಿ ಒಂದಿಷ್ಟು ಬಟ್ಟೆಯನ್ನು ಮಡಿಚಿ ಒಳಗೆ ಬಿಡುತ್ತಿದ್ದರು. ಮಕ್ಕಳು ಬೆಳೆಯುತ್ತವೆ, ದೊಡ್ಡವರು ದಪ್ಪವಾಗುತ್ತಾರೆ, ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದರಾಯಿತು. ಇಲಾಖೆ ಬಂದ ಮೇಲೆ ಒಂದು ನೂಲು ಹೆಚ್ಚು ಬಿಟ್ಟರೂ ಅಪರಾಧ. ಮನೆಯಲ್ಲಿ ಸೂಜಿ ಇಡುವುದೂ ಅಪರಾಧ. ನಾನು ಹೆದರಿದೆ. ಸೀಮೆಸುಣ್ಣದ ಗೆರೆಯ ಮೇಲೇ ಕತ್ತರಿ ಓಡಿಸಿದೆ. ಎರಡು ಬೆರಳಷ್ಟು ಬಟ್ಟೆ ಬಿಟ್ಟಿದ್ದರೆ ಅವಳು ಇವತ್ತು ಮನೆಯಲ್ಲಿರುತ್ತಿದ್ದಳು. ಅವಳು ನನ್ನನ್ನು ನೋಡಿದಾಗ ನಾನು ನೆಲ ನೋಡಿದ್ದು ಅದಕ್ಕೆ.

ಅವಳು ಹೋದ ಮಾರನೆಯ ದಿನದಿಂದ ಇವತ್ತಿನವರೆಗೆ ನನ್ನ ಟೇಬಲ್ಲಿನಿಂದ ಹೊರಗೆ ಹೋದ ಒಂದೊಂದು ಕೋಟಿನಲ್ಲೂ ಎರಡು ಬೆರಳಷ್ಟು ಬಟ್ಟೆ ಬಿಟ್ಟಿದ್ದೇನೆ. ನಮ್ಮ ಕೋಟು ನಾಲ್ಕು ಊರಿಗೆ ಹೋಗುತ್ತದೆ. ಕಟಿಂಗ್ ನನ್ನದು, ಪಕ್ಕದ ಹೊಲಿಗೆಯೂ ನನ್ನದೇ. ಕಾಗದದ ಅಚ್ಚುಗಳನ್ನು ಒತ್ತೊತ್ತಾಗಿ ಇಟ್ಟು ಕತ್ತರಿಸಿದರೆ ಅಷ್ಟು ಬಟ್ಟೆ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಹಿಟ್ಟಿನ ಚೀಲದ ಬಾಯಿ ಹೊಲಿದಿರುತ್ತಾರಲ್ಲ, ಸರಪಳಿ ಹೊಲಿಗೆ, ಅದು ನೆನಪಿದೆಯೇ? ಸರಿಯಾದ ತುದಿ ಹಿಡಿದು ಎಳೆದರೆ ಟರ್ರ್ ಎಂದು ಒಂದೇ ಉಸಿರಿಗೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಎಳೆದರೆ ಗಂಟು ಬಿದ್ದು ಕೂತುಬಿಡುತ್ತದೆ. ಕೋಟಿನ ಎಡಪಕ್ಕದಲ್ಲಿ ಎರಡು ಹೊಲಿಗೆ ಇವೆ. ಅಂಚಿನದು ಗಟ್ಟಿ ಹೊಲಿಗೆ. ಅದರಿಂದ ಎರಡು ಬೆರಳು ಈಚೆಗಿರುವುದು ಸರಪಳಿ ಹೊಲಿಗೆ. ಎಡಗಂಕುಳಲ್ಲಿ, ಲೈನಿಂಗಿನ ಸಂದಿಯಲ್ಲಿ, ಕಪ್ಪು ದಾರದ ತುದಿ ಕೈಗೆ ಸಿಗುತ್ತದೆ. ಎಳೆ. ಕೋಟು ಎರಡು ಬೆರಳು ದೊಡ್ಡದಾಗುತ್ತದೆ. ಸೂಜಿ ಬೇಡ, ಕತ್ತರಿ ಬೇಡ. ಕೆಳ ಅಂಚಿನಲ್ಲೂ ಒಂದು ತುದಿ ಇದೆ, ಅದನ್ನು ಮುಟ್ಟಬೇಡ.

ಇದನ್ನು ಹದಿನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಒಬ್ಬನಿಗೆ ಹೇಳಿದರೆ ಒಬ್ಬ ಉಳಿಯುತ್ತಾನೆ, ಮಾರನೆಯ ದಿನ ಇಲಾಖೆ ಊರಿನ ಕೋಟನ್ನೆಲ್ಲ ಬಿಚ್ಚಿ ನೋಡುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಧೈರ್ಯ ಸಾಲಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನಿಜ.

ನೀನು ರಿಜಿಸ್ಟರ್ ಹರಿದರೆ ನಿನ್ನನ್ನು ಒಯ್ಯುತ್ತಾರೆ, ಹೊಸ ರಿಜಿಸ್ಟರ್ ತರುತ್ತಾರೆ, ಬೇರೆಯವರ ಕೈಗೆ ಕೊಡುತ್ತಾರೆ. ಬೇಡ ಮಗಳೇ. ಮೊದಲು ನಿನ್ನ ಕೋಟಿನ ದಾರ ಎಳೆದು ನೋಡು.

ನೆಲ ನೋಡಿದ ನಿನ್ನಪ್ಪ

*

ಡಿಸೆಂಬರ್ ೧೫

ಅಪ್ಪಾ,

ಎಳೆದೆ. ಬಾಗಿಲು ಹಾಕಿಕೊಂಡು, ಗೋಡೆಯ ಮೇಲಿನ ಬರಹಕ್ಕೆ ಬೆನ್ನು ಮಾಡಿ ನಿಂತು ಎಳೆದೆ. ಟರ್ರ್ ಎಂದಿತು. ಎರಡು ವರ್ಷದಿಂದ ಆ ಕೋಟಿನಲ್ಲಿ ಅರ್ಧ ಉಸಿರು ಆಡುತ್ತಿದ್ದೆ ಎಂದು ಪೂರ್ತಿ ಉಸಿರು ಆಡಿದಾಗ ಗೊತ್ತಾಯಿತು. ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಹದಿನಾಲ್ಕು ವರ್ಷ ಅಪ್ಪಾ! ವರ್ಷ ವರ್ಷವೂ ಹೆಸರು ಕರೆಯುತ್ತಿದ್ದರು, ಜನ ಹೋಗುತ್ತಿದ್ದರು, ಬಿಡುಗಡೆಯ ದಾರ ಅವರವರ ಕಂಕುಳಲ್ಲೇ ಇತ್ತು. ದಾರ ಬಿಟ್ಟ ನೀನು ಬಾಯಿಯನ್ನೂ ಬಿಡಬೇಕಿತ್ತು. ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ, ನನಗೇ ಗೊತ್ತಿಲ್ಲ. ಆದರೆ ನಿನ್ನ ಮಾತು ಸರಿ. ರಿಜಿಸ್ಟರ್ ಹರಿಯುವುದಿಲ್ಲ. ಅದನ್ನು ಖಾಲಿ ಇಡುತ್ತೇನೆ.

ಈಗ ನನ್ನ ಗುಟ್ಟು. ನಾನು ಈ ಕೆಲಸಕ್ಕೆ ಸೇರಿದ್ದು ಹಳೆಯ ರಿಜಿಸ್ಟರ್‌ಗಳು ಇಲ್ಲಿವೆ ಎಂದು. ಕಪಾಟಿನ ಬೀಗದ ಕೈ ಗುಮಾಸ್ತನ ಬಳಿ ಇರುತ್ತದೆ. ಅವನ ನೆಗಡಿಗೆ ಕಷಾಯ ಮಾಡಿಕೊಟ್ಟು ಕೊಟ್ಟು ಅಂತೂ ಮೊನ್ನೆ ಕೈಗೆ ಬಂತು. ಅಮ್ಮನ ಹೆಸರಿದೆ. ಪಕ್ಕದಲ್ಲಿ ‘ಕಾಜಾ ಕೆಲಸ’ ಎಂದಿದೆ. ಅದರ ಪಕ್ಕದಲ್ಲಿ, ಈ ಸೆಪ್ಟೆಂಬರ್ ತಾರೀಕಿನಲ್ಲಿ, ‘ಇದ್ದಾಳೆ’ ಎಂದಿದೆ.

ಇದ್ದಾಳೆ ಅಪ್ಪಾ. ನಾನು ಆ ಒಂದು ಪದವನ್ನು ಎಷ್ಟು ಸಲ ಓದಿದೆನೋ.

ಒಬ್ಬನಿಗೆ ಹೇಳಿದರೆ ಒಬ್ಬನೇ ಉಳಿಯುತ್ತಾನೆ ಎಂದೆಯಲ್ಲ, ಹಾಗಾದರೆ ಎಲ್ಲರಿಗೂ ಒಟ್ಟಿಗೆ ತಿಳಿಯಬೇಕು. ನಾಲ್ಕು ಊರಿನ ಮನೆಮನೆಗೂ ಹೋಗಿ ಬರುವವರು, ಮಾತಾಡಿದರೆ ಯಾರೂ ಅನುಮಾನ ಪಡದವರು, ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ಅತ್ತೆಗೆ ಹೇಳು.

ನಿನ್ನ ಮಗಳು

*

ಜನವರಿ ೨೨

ಲೇ ಹುಡುಗಿ,

ನಿನ್ನಪ್ಪ ಹೊತ್ತು ಮುಳುಗೋವರೆಗೂ ಕಾರ್ಖಾನೇಲಿರ್ತಾನೆ, ಅದಕ್ಕೆ ನಾನೇ ಬರೀತಿದೀನಿ. ತಪ್ಪಿದ್ರೆ ನುಂಗ್ಕೋ.

ಮೊನ್ನೆ ಬಂದು, ಬಾಗಿಲು ಹಾಕಿ, ಕಿಟಕಿ ಹಾಕಿ, ‘ಅಕ್ಕಾ, ಒಂದು ಗುಟ್ಟು’ ಅಂದ. ಕೋಟಲ್ಲಿ ಎರಡು ಹೊಲಿಗೆ ತಾನೇ ಅಂದೆ. ಮುಖ ನೋಡ್ಬೇಕಿತ್ತು ನೀನು! ಹದಿನಾಲ್ಕು ವರ್ಷದಿಂದ ಇಸ್ತ್ರಿ ತಿಕ್ಕೋಳು ನಾನು. ಎಡಪಕ್ಕ ದಪ್ಪ, ಬಲಪಕ್ಕ ತೆಳು ಅಂತ ನನ್ನ ಕೈಗೆ ಗೊತ್ತಾಗಲ್ವ? ಊರಿಗೆಲ್ಲ ಬಾಯಿಬಡುಕಿ ನಾನು, ಆದ್ರೆ ಇದೊಂದನ್ನ ಹೊಟ್ಟೇಲಿಟ್ಕೊಂಡು ಸಾಯ್ತಿದ್ದೆ. ಈಗ ಹೇಳ್ಬಹುದಾ ಅಂದೆ. ಹೇಳು ಅಂದ. ಆಹಾ, ಆ ಸುಖ ನಿನಗೇನು ಗೊತ್ತು!

ಕೋಟು ಕೊಡುವಾಗ ಪ್ರತಿ ಮನೇಲೂ ಹೇಳ್ತಿದೀನಿ. ‘ಎಡಗಂಕುಳು, ಕಪ್ಪು ದಾರ, ಅಳತೆ ದಿನ ಬೆಳಿಗ್ಗೆ, ಅದಕ್ಕೆ ಮುಂಚೆ ಬೇಡ.’ ಒಬ್ಬರೂ ಇನ್ನೊಂದು ಸಲ ಕೇಳಲಿಲ್ಲ. ಕೆಲವರು ಕೈ ಹಿಡ್ಕೊಂಡ್ರು ಅಷ್ಟೆ.

ಇನ್ನೊಂದು ಕೇಳು. ಅಡಿಕೋಲು ಸಾಹೇಬ ಕಾರ್ಖಾನೆಗೆ ಬಂದಿದ್ನಂತೆ. ಬಡ್ತಿ ಸಿಕ್ಕಿದೆ, ಹೊಸ ಕೋಟು ಬೇಕಂತೆ. ‘ನಿಯಮದಲ್ಲಿ ಹೇಗಿದೆಯೋ ಹಾಗೇ ಇರಬೇಕು ಮಾಸ್ಟರ್, ಒಂದು ನೂಲು ಆಚೀಚೆ ಆಗ್ಬಾರ್ದು’ ಅಂದ್ನಂತೆ. ನಿನ್ನಪ್ಪ ‘ಆಗ್ಲಿ ಸಾರ್’ ಅಂದು ಹಾಗೇ ಹೊಲಿದುಕೊಟ್ಟಿದಾನೆ. ಹದಿನಾಲ್ಕು ವರ್ಷದಲ್ಲಿ ಗೆರೆ ಮೇಲೇ ಕತ್ತರಿಸಿದ ಕೋಟು ಅದೊಂದೇ. ಬಡ್ತಿ ಸಿಕ್ಕಿದ ಮೇಲೆ ದಿನಾ ಊಟ ಊಟ ಅಂತ ಸಾಹೇಬ ಊದ್ಕೋತಿದಾನೆ.

ಚಪ್ಪಲಿ ತಗೊಂಡ್ಯಾ?

ನಿನ್ನ ಅತ್ತೆ

*

ಮಾರ್ಚ್ ೮

ಅಪ್ಪಾ,

ಶುಕ್ರವಾರದ ಸುದ್ದಿ ಅತ್ತೆಯ ಬಾಯಿಂದ ಆಗಲೇ ನಿನಗೆ ತಲುಪಿರುತ್ತದೆ, ಅದಕ್ಕೆ ರೆಕ್ಕೆ ಪುಕ್ಕ ಎಲ್ಲ ಬಂದಿರುತ್ತದೆ. ನಡೆದದ್ದನ್ನು ನಡೆದ ಹಾಗೆ ನಾನು ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ವಾರ್ಡಿನ ಅಂಗಳದಲ್ಲಿ ಸರದಿ ನಿಂತಿತು. ಮನೆಯಲ್ಲೇ ದಾರ ಎಳೆದು ಬಂದವರು ಸ್ವಲ್ಪ ಜನ. ಮಿಕ್ಕವರಿಗೆ ಕೊನೆಯ ಗಳಿಗೆಯವರೆಗೂ ಧೈರ್ಯ ಬಂದಿರಲಿಲ್ಲ, ಸರದಿಯಲ್ಲಿ ನಿಂತ ಮೇಲೆ ಶುರು ಮಾಡಿದರು. ಮುದುಕರು, ಮೇಷ್ಟ್ರು, ಟ್ರಾಮ್ ಓಡಿಸುವವರು, ಎಲ್ಲರೂ ಎಡಗಂಕುಳಿಗೆ ಕೈ ಹಾಕಿಕೊಂಡು ಕೆರೆಯುತ್ತಾ ನಿಂತಿದ್ದಾರೆ! ಸಾಹೇಬ ಹುಬ್ಬು ಗಂಟು ಹಾಕಿ ‘ಏನಿದು, ಇಡೀ ವಾರ್ಡಿಗೆ ತುರಿಕೆ ಹತ್ತಿದೆಯಾ?’ ಎಂದ. ‘ಸೆಕೆ ಸಾರ್’ ಎಂದೆ. ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ.

ಮಧ್ಯಾಹ್ನದವರೆಗೆ ನಾನೂರು ಜನ ಮಣೆ ಹತ್ತಿ ಇಳಿದರು. ಉಸಿರು ಬಿಡಿ, ಆರು ಗುಂಡಿ, ಇಳಿಯಿರಿ. ಒಂದು ಹೆಸರೂ ಇಲ್ಲ. ಸಾಹೇಬ ಕುರ್ಚಿ ಬಿಟ್ಟು ನನ್ನ ಪಕ್ಕದಲ್ಲೇ ಬಂದು ನಿಂತ.

ಆಗ ಬೇಕರಿಯಲ್ಲಿ ಒಲೆ ನೋಡುವ ಹೆಂಗಸು ಮಣೆ ಹತ್ತಿದಳು. ಅಮ್ಮನಷ್ಟೇ ವಯಸ್ಸಿರಬೇಕು. ಮುಖವೆಲ್ಲ ಬೆವರು. ಮೊದಲ ಗುಂಡಿ ಹಾಕಿದೆ, ಎರಡನೆಯದು ಹಾಕಿದೆ, ಮೂರನೆಯದು ಬೀಳಲಿಲ್ಲ. ಬಗ್ಗಿ ಪಿಸುಗುಟ್ಟಿದಳು: ‘ಕೆಳಗಿಂದ ಎಳೆದ್ಬಿಟ್ಟೆ ಕಣಮ್ಮ. ಗಂಟು ಬಿದ್ಬಿಡ್ತು.’ ಕೋಟಿನ ಕೆಳ ಅಂಚಿನಲ್ಲಿ ಕಪ್ಪು ದಾರ ಮುದ್ದೆಯಾಗಿ ಕೂತಿತ್ತು.

‘ಹೆಸರು ಬರಿ,’ ಎಂದ ಸಾಹೇಬ.

ಅದೇ ಎರಡು ಪದ ಅಪ್ಪಾ, ಅದೇ ದನಿ. ನನ್ನ ಕೈಯಲ್ಲಿ ಕೆಂಪು ಶಾಯಿಯ ಪೆನ್ನು. ಈಗ ಈ ಒಬ್ಬಳ ಹೆಸರು ಬರೆದರೆ ಮಿಕ್ಕವರೆಲ್ಲ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ, ಗುಟ್ಟೂ ಉಳಿಯುತ್ತದೆ ಎಂದು ಒಂದು ಗಳಿಗೆ ಅನಿಸಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿ ಅನಿಸಿತು. ಆ ಹೆಂಗಸು ನನ್ನನ್ನು ನೋಡುತ್ತಿದ್ದಳು. ನಾನೂ ನೆಲ ನೋಡಿದೆ. ನೀನು ಅವತ್ತು ನೋಡಿದ್ದು ಏನೆಂದು ನನಗೆ ಆಗ ತಿಳಿಯಿತು, ನಿನ್ನ ಮೇಲಿದ್ದ ಸಿಟ್ಟು ಅಲ್ಲೇ ಕರಗಿತು.

ಆಮೇಲೆ ತಲೆ ಎತ್ತಿದೆ. ಪೆನ್ನು ಕೆಳಗಿಟ್ಟು, ಮಂಡಿಯೂರಿ, ಎಲ್ಲರ ಎದುರಿಗೆ ಆ ಗಂಟನ್ನು ಹಲ್ಲಿನಿಂದ ಕಚ್ಚಿ ಕಿತ್ತೆ. ಎದ್ದು ಅವಳ ಕಂಕುಳಿಗೆ ಕೈ ಹಾಕಿ ಸರಿಯಾದ ತುದಿ ಹಿಡಿದು ಎಳೆದೆ. ಅಂಗಳದ ಕೊನೆಯವರೆಗೂ ಕೇಳಿಸಿತು, ಟರ್ರ್ ಎಂದು. ಮೂರನೆಯ ಗುಂಡಿ ಬಿತ್ತು, ನಾಲ್ಕನೆಯದು, ಐದು, ಆರು.

ಸಾಹೇಬನ ಮುಖ ಬಿಳಿಚಿಕೊಂಡಿತು. ‘ಇದು ಅಪರಾಧ!’

‘ಹೌದು ಸಾರ್,’ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ‘ನಿಯಮದಲ್ಲಿ ಇನ್ನೊಂದಿದೆ. ಹಾಜರಿರೋ ಅಧಿಕಾರಿಗಳೂ ಮಣೆ ಹತ್ತಬೇಕು. ಬನ್ನಿ.’

ಅವನು ಕಾವಲಿನ ಇಬ್ಬರನ್ನು ಕರೆದ. ಅವರು ಕದಲಲಿಲ್ಲ. ಒಬ್ಬನ ಕಂಕುಳಲ್ಲಿ ಕಪ್ಪು ದಾರದ ತುಂಡು ಇನ್ನೂ ನೇತಾಡುತ್ತಿತ್ತು. ‘ಹತ್ತಿ ಸಾರ್, ನಾವೂ ಹತ್ತಿದ್ವಲ್ಲ’ ಎಂದ ಅವನು, ಬಹಳ ಮರ್ಯಾದೆಯಿಂದಲೇ.

ಹತ್ತಿದ. ಆರುನೂರು ಜನ ನೋಡುತ್ತಿರುವಾಗ ಹತ್ತದೇ ಏನು ಮಾಡುತ್ತಾನೆ? ‘ಉಸಿರು ಬಿಡಿ ಸಾರ್’ ಎಂದೆ. ಒಂದು, ಎರಡು ಹಾಕಿದೆ. ಮೂರನೆಯದನ್ನು ಎಳೆದು ಹೇಗೋ ಕಾಜಾದಲ್ಲಿ ತೂರಿಸಿದೆ. ಅವನು ಉಸಿರು ಎಳೆದುಕೊಂಡ. ಗುಂಡಿ ಕಿತ್ತು ಹಾರಿ, ಉರುಳಿಕೊಂಡು ಹೋಗಿ ಬೇಕರಿಯಾಕೆಯ ಪಾದದ ಬಳಿ ನಿಂತಿತು. ಆಮೇಲೆ ಗೇಟಿನ ಬಳಿ, ಲಾರಿಯ ಮೇಲೆ ಕೂತಿದ್ದ ಅತ್ತೆ ನಕ್ಕಳು. ಅತ್ತೆಯ ನಗು ನಿನಗೆ ಗೊತ್ತಲ್ಲ. ಅದು ಸರದಿಯ ಉದ್ದಕ್ಕೂ ಹತ್ತಿಕೊಂಡಿತು, ಮಕ್ಕಳು ಮುದುಕರು ಎಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವವರ ಹೊಟ್ಟೆಗೆ ಕೋಟಿನಲ್ಲಿ ಜಾಗವೂ ಇತ್ತು.

ಸಾಹೇಬ ಮಣೆಯ ಮೇಲೆ ಕೋಟನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಂತಿದ್ದ. ‘ಬರಿ ಅವನ ಹೆಸರು!’ ಎಂದು ಯಾರೋ ಕೂಗಿದರು. ಹತ್ತು ಜನ ಕೂಗಿದರು. ನಾನು ರಿಜಿಸ್ಟರ್ ಮುಚ್ಚಿದೆ. ‘ಯಾರ ಹೆಸರೂ ಬರೆಯಲ್ಲ. ನಿಮ್ಮದೂ ಬರೆಯಲ್ಲ ಸಾರ್. ಇಳೀರಿ’ ಎಂದೆ.

ಇಳಿದು ಹೋದ. ಅಡಿಕೋಲನ್ನು ಅಲ್ಲೇ ಬಿಟ್ಟು ಹೋದ.

ಮಿಕ್ಕ ಮೂರು ಊರಿನಲ್ಲೂ ರಿಜಿಸ್ಟರ್ ಖಾಲಿಯಂತೆ. ಇಲಾಖೆಯ ಬಾಗಿಲಿಗೆ ಎರಡು ದಿನದಿಂದ ಬೀಗ. ನಾಳೆ ನಾವೆಲ್ಲ ತಿದ್ದುಮನೆಯ ಗೇಟಿಗೆ ಹೋಗುತ್ತಿದ್ದೇವೆ. ಕಾವಲಿನವರಿಬ್ಬರೂ ಬರುತ್ತಾರಂತೆ, ದಾರಿ ತಮಗೆ ಗೊತ್ತು ಎನ್ನುತ್ತಾರೆ.

ಚಪ್ಪಲಿ ತೆಗೆದುಕೊಂಡೆ. ನಡೆಯುವುದು ಬಹಳ ಇದೆ.

ತಲೆ ಎತ್ತಿಕೊಂಡು ನಡೆಯುತ್ತಿರುವ
ನಿನ್ನ ಮಗಳು

*

ಏಪ್ರಿಲ್ ೧೬

ಮಗಳೇ,

ಇದನ್ನು ಅಂಚೆಯಲ್ಲೇ ಹಾಕುತ್ತಿದ್ದೇನೆ. ಇನ್ನು ಒಡೆದು ಓದುವವರಿಲ್ಲ. ಅತ್ತೆಗೆ ಮಾತ್ರ ಬೇಜಾರು.

ತಿಂಗಳ ಮೇಲೆ ತಿದ್ದುಮನೆ ತೆರೆದಾಗ ನೀನು ಗೇಟಿನಲ್ಲಿ ಅಮ್ಮನನ್ನು ತಬ್ಬಿಕೊಂಡು ಲಾರಿ ಹತ್ತಿಸಿ, ಇನ್ನೂ ಒಳಗಿರುವವರಿಗಾಗಿ ಅಲ್ಲೇ ಉಳಿದೆಯೆಂದು ಕೇಳಿದೆ. ಮೊನ್ನೆ ಮಧ್ಯಾಹ್ನ ಲಾರಿ ನಮ್ಮ ಬಾಗಿಲಿಗೆ ಬಂತು. ಇಸ್ತ್ರಿ ಮಾಡಿದ ಬಟ್ಟೆಯ ಗಂಟುಗಳ ನಡುವೆ ನಿನ್ನಮ್ಮ ಕೂತಿದ್ದಳು. ತೆಳ್ಳಗಾಗಿದ್ದಾಳೆ, ತಲೆ ಪೂರ್ತಿ ಬೆಳ್ಳಗಾಗಿದೆ. ಮೈಮೇಲೆ ಅದೇ ಕೋಟು. ಈಗ ಆರೂ ಗುಂಡಿ ಹಾಕಿದ ಮೇಲೂ ಅದರೊಳಗೆ ಇನ್ನೊಬ್ಬಳು ಹಿಡಿಸುತ್ತಾಳೆ.

ನಾನು ಅವತ್ತಿನ ಹಾಗೇ ನೆಲ ನೋಡುತ್ತಾ ನಿಂತೆ. ಅವಳು ಲಾರಿಯಿಂದ ಇಳಿದು ಬಂದು ನನ್ನ ಗಲ್ಲ ಹಿಡಿದು ಮೇಲೆತ್ತಿದಳು. ‘ಅಲ್ಲಿ ಹೊಸಬರು ಬಂದಾಗೆಲ್ಲ ಅವರ ಕೋಟು ನನ್ನ ಕೈಲೇ ಮಡಿಚಿಡಿಸ್ತಿದ್ರು. ಎಡಪಕ್ಕ ದಪ್ಪ ಇರ್ತಿತ್ತು. ನಿಮ್ಮ ಕೈ ಅಂತ ಮೊದಲನೇ ವರ್ಷವೇ ಗೊತ್ತಾಯ್ತು. ಯಾವತ್ತಾದ್ರೂ ಹೇಳ್ತೀರಿ ಅಂತ ಕಾಯ್ತಿದ್ದೆ’ ಎಂದಳು. ‘ತಡ ಮಾಡಿದ್ರಿ’ ಎಂದಳು. ಬೈದದ್ದು ಅಷ್ಟೇ. ಅಷ್ಟಕ್ಕೇ ನಾನು ಬೀದಿಯಲ್ಲಿ ನಿಂತು ಮಗುವಿನ ಹಾಗೆ ಅತ್ತೆ. ಅಕ್ಕಪಕ್ಕದವರೂ ನೋಡಿದರು. ನೋಡಲಿ.

ನಿನ್ನೆ ಅಂಗಡಿಯಲ್ಲಿ ಹಳದಿ ಬಟ್ಟೆ ಸಿಕ್ಕಿತು. ಇಪ್ಪತ್ತು ವರ್ಷದ ಮೇಲೆ ಬೂದಿಯಲ್ಲದ ಬಟ್ಟೆಯ ಮೇಲೆ ಕತ್ತರಿ ಇಡುತ್ತಿದ್ದೇನೆ. ಅವಳಿಗೊಂದು ಅಂಗಿ ಹೊಲಿಯೋಣ ಎಂದು ಟೇಪು ತೆಗೆದುಕೊಂಡು ಹತ್ತಿರ ಹೋದೆ. ಅವಳು ನನ್ನ ಕೈಯಿಂದ ಟೇಪು ತೆಗೆದು, ಸುತ್ತಿ, ಕಿಟಕಿಯ ಮೇಲಿಟ್ಟಳು.

‘ಅಳತೆ ಬೇಡ. ಅಂದಾಜಿನ ಮೇಲೆ ಹೊಲೀರಿ. ಹೆಚ್ಚು ಕಮ್ಮಿ ಆದ್ರೆ ಆಗ್ಲಿ’ ಎಂದಳು.

ಕಾಜಾ ಮಾತ್ರ ತಾನೇ ಮಾಡುತ್ತಾಳಂತೆ. ಎದುರಿನ ಮನೆಯವರು ಒಂದು ಸೂಜಿ ಕೊಟ್ಟಿದ್ದಾರೆ, ಅದನ್ನು ಗೋಡೆಯ ಕ್ಯಾಲೆಂಡರಿಗೆ ಎಲ್ಲರಿಗೂ ಕಾಣುವ ಹಾಗೆ ಚುಚ್ಚಿಟ್ಟಿದ್ದೇವೆ. ನಿನಗೂ ಒಂದು ಅಂಗಿ ಕತ್ತರಿಸಿಟ್ಟಿದ್ದೇನೆ. ಸಡಿಲವಾಗೇ ಇದೆ. ಕೆಲಸ ಮುಗಿಸಿ ಬಾ.

ನಿನ್ನ ದಾರಿ ನೋಡುತ್ತಿರುವ
ಅಪ್ಪ, ಅಮ್ಮ